ನಾಲ್ಕರಿಂದ ಇಪ್ಪತ್ತು: ಮೋಟಾರಿನ ವೇಗಾಜ್ಞೆಯ ಅಳತೆಯನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

ಇಂದಿನ ಕಾರ್ಖಾನೆಗಳಲ್ಲಿ ಪಿ.ಎಲ್.ಸಿ. ಎಂಬ ನಿಯಂತ್ರಣ ಗಣಕವು ಮೋಟಾರಿನ ವೇಗವನ್ನು ನಿರ್ಧರಿಸುವಾಗ, ತನ್ನ ಆಜ್ಞೆಯನ್ನು ಅನೇಕ ಕಡೆ 4ರಿಂದ 20 ಮಿಲಿಆಂಪಿಯರುಗಳ ವಿದ್ಯುತ್ ಪ್ರವಾಹದ ರೂಪದಲ್ಲಿ ಕಳುಹಿಸುತ್ತದೆ. ಈ ಅಳತೆ ಸೊನ್ನೆಯಿಂದ ಆರಂಭವಾಗದೆ ನಾಲ್ಕರಿಂದ ಆರಂಭವಾಗುವುದೇಕೆ? ಇದನ್ನು ಕೇವಲ ರೂಢಿಯೆಂದು ತಿಳಿಯುವುದು ಸುಲಭ. ಆದರೆ ರೂಢಿಗೂ ಚರಿತ್ರೆಯುಂಟು. ಅದನ್ನು ಮರೆತರೆ ಅಪಾಯವೂ ಉಂಟು. ಇವೆರಡನ್ನೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಯಂತ್ರದ ವೇಗವನ್ನು ಹತೋಟಿಯಲ್ಲಿಡುವ ಪ್ರಯತ್ನ ಹಳೆಯದು. ಹಿಟ್ಟಿನ ಗಿರಣಿಗಳಲ್ಲಿ ಬಳಕೆಯಲ್ಲಿದ್ದ ತಿರುಗುವ ಗುಂಡುಗಳ ನಿಯಂತ್ರಕವನ್ನು ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದನು. ಅಲ್ಲಿ ಆಜ್ಞೆ ಬೇರೆ, ಯಂತ್ರ ಬೇರೆ ಎಂಬ ಭೇದವಿರಲಿಲ್ಲ. ಯಂತ್ರದ ಚಲನೆಯೇ ತನ್ನ ಉಗಿಯನ್ನು ಹೆಚ್ಚಿಸುತ್ತಿತ್ತು, ತಗ್ಗಿಸುತ್ತಿತ್ತು. 1891ರಲ್ಲಿ ಅಮೆರಿಕದ ವಾರ್ಡ್ ಲಿಯೊನಾರ್ಡನು ಬಳಕೆಗೆ ತಂದ ಪದ್ಧತಿಯಲ್ಲಿ, ಜನರೇಟರಿನ ಕ್ಷೇತ್ರದ ಅಲ್ಪ ಪ್ರವಾಹವನ್ನು ಬದಲಿಸುವುದರಿಂದ ದೊಡ್ಡ ಮೋಟಾರಿನ ವೇಗ ಬದಲಾಯಿತು. ಅಲ್ಪಶಕ್ತಿಯ ಆಜ್ಞೆ ಮಹಾಶಕ್ತಿಯನ್ನು ಆಳಬಲ್ಲುದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಆಜ್ಞೆ ದೂರ ಸಾಗತೊಡಗಿದಾಗ ಹೊಸ ಪ್ರಶ್ನೆಯೊಂದು ಎದ್ದಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಕಾರ್ಖಾನೆಗಳಲ್ಲಿ ಸಂಕೇತಗಳು ಕೊಳವೆಗಳ ಮೂಲಕ ಗಾಳಿಯ ಒತ್ತಡವಾಗಿ ಹೋಗುತ್ತಿದ್ದವು. ಅಲ್ಲಿ ನೆಲೆನಿಂತ ಅಳತೆ ಚದರಂಗುಲಕ್ಕೆ 3ರಿಂದ 15 ಪೌಂಡು. ಒತ್ತಡ ಸೊನ್ನೆಯಾದರೆ ಅದು ‘ನಿಲ್ಲು’ ಎಂಬ ಆಜ್ಞೆಯೋ, ಕೊಳವೆ ಒಡೆದ ಸೂಚನೆಯೋ ತಿಳಿಯುವಂತಿರಲಿಲ್ಲ. ಆದ್ದರಿಂದ ಕನಿಷ್ಠ ಆಜ್ಞೆಗೂ ಮೂರು ಪೌಂಡುಗಳ ಒತ್ತಡವನ್ನಿತ್ತರು. ಇದನ್ನೇ ‘ಜೀವಂತ ಸೊನ್ನೆ’ ಎನ್ನುವುದು. ಮುಂದೆ ಗಾಳಿಯ ಸ್ಥಾನಕ್ಕೆ ವಿದ್ಯುತ್ತು ಬಂದಾಗ 4ರಿಂದ 20 ಮಿಲಿಆಂಪಿಯರುಗಳ ಅಳತೆ ನೆಲೆಯೂರಿತು. ಮೂರಕ್ಕೆ ಹದಿನೈದು, ನಾಲ್ಕಕ್ಕೆ ಇಪ್ಪತ್ತು: ಎರಡರಲ್ಲಿಯೂ ಪ್ರಮಾಣ ಒಂದಕ್ಕೆ ಐದು ಎಂಬುದು ಗಮನಾರ್ಹ. ಮಾಧ್ಯಮ ಬದಲಾದರೂ ವಿವೇಕ ಉಳಿಯಿತು.

1968ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಮ್ಯಾಟಿಕ್ ವಿಭಾಗವು ರಿಲೇಗಳ ಜಟಿಲ ತಂತಿಜಾಲಕ್ಕೆ ಬದಲಾಗಿ ಹೊಸ ಸಾಧನವೊಂದನ್ನು ಬಯಸಿತು. ರಿಚರ್ಡ್ ಮಾರ್ಲೆ ಮತ್ತು ಸಂಗಡಿಗರ ಮೋಡಿಕಾನ್ 084 ಮರುವರ್ಷ ಅದಕ್ಕೆ ಉತ್ತರವಾಯಿತು. ಅದೇ 1968ರಲ್ಲಿ ಡೆನ್ಮಾರ್ಕಿನ ಡ್ಯಾನ್‌ಫಾಸ್ ಸಂಸ್ಥೆಯು ವಿದ್ಯುತ್ತಿನ ಆವರ್ತನವನ್ನು ಬದಲಿಸಿ ಮೋಟಾರಿನ ವೇಗವನ್ನು ಆಳುವ ಡ್ರೈವನ್ನು ಹೇರಳವಾಗಿ ತಯಾರಿಸತೊಡಗಿತು. ಮೊದಲ ಪಿ.ಎಲ್.ಸಿ.ಗಳ ಕೆಲಸ ‘ಹಚ್ಚು’, ‘ಆರಿಸು’ ಎಂಬೆರಡು ಮಾತುಗಳದು. ಕ್ರಮೇಣ ಅವು ನಡುವಣ ಪ್ರಮಾಣಗಳನ್ನೂ ನುಡಿಯಲು ಕಲಿತಾಗ, ಗಣಕದ ಅಂಕೆಯನ್ನು ಹಳೆಯ ಅಳತೆಗೆ ಹೊಂದಿಸುವ ‘ಸ್ಕೇಲಿಂಗ್’ ಅಗತ್ಯವಾಯಿತು.

ಒಂದು ನಿದರ್ಶನವನ್ನು ನೋಡೋಣ. ಸೀಮೆನ್ಸ್ ಎಸ್7 ವರ್ಗದ ಪಿ.ಎಲ್.ಸಿ.ಯಲ್ಲಿ ಸೊನ್ನೆ ಎಂಬ ಅಂಕೆ 4 ಮಿಲಿಆಂಪಿಯರಿಗೂ, 27648 ಎಂಬುದು 20 ಮಿಲಿಆಂಪಿಯರಿಗೂ ಸಮ. ಡ್ರೈವಿನಲ್ಲಿ ಪೂರ್ಣ ಸಂಕೇತಕ್ಕೆ ನಿಮಿಷಕ್ಕೆ 1500 ಸುತ್ತುಗಳೆಂದು ಗೊತ್ತುಪಡಿಸಿದೆಯೆಂದು ಭಾವಿಸೋಣ. 900 ಸುತ್ತು ಬೇಕಾದರೆ ಅದು ನೂರಕ್ಕೆ 60 ಪಾಲು. ಅಂಕೆ 16589, ಪ್ರವಾಹ 13.6 ಮಿಲಿಆಂಪಿಯರು. ಆದರೆ ಡ್ರೈವನ್ನು 0ಯಿಂದ 20ರ ಅಳತೆಗೆ ಇರಿಸಿದ್ದರೆ ಅದೇ ಪ್ರವಾಹವನ್ನು ಅದು 1020 ಸುತ್ತುಗಳೆಂದು ಓದುತ್ತದೆ. ಇದಕ್ಕಿಂತ ಕೆಟ್ಟದ್ದು, ವೇಗಾಜ್ಞೆಯನ್ನು ಸೊನ್ನೆಗೆ ಇಳಿಸಿದಾಗ ಹೋಗುವ 4 ಮಿಲಿಆಂಪಿಯರನ್ನು 300 ಸುತ್ತುಗಳೆಂದು ತಿಳಿಯುತ್ತದೆ. ಡ್ರೈವಿಗೆ ಬೇರೆಯಾಗಿ ನಿಲುಗಡೆಯ ಆಜ್ಞೆ ಹೋಗದಿದ್ದರೆ, ನಿಂತಿತೆಂದು ನಂಬಿದ ಕೆಲಸಗಾರನ ಕೈಯ ಬಳಿ ಯಂತ್ರ ತಿರುಗುತ್ತಲೇ ಇರುತ್ತದೆ. ತಂತಿ ಕಡಿಯದೆ, ಸಾಧನ ಕೆಡದೆ, ಒಪ್ಪಂದ ತಪ್ಪಿದ ಮಾತ್ರಕ್ಕೆ ಒದಗುವ ವಿಪತ್ತು ಇದು.

ಮೇಲಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಅಳತೆಯೆಂಬುದು ಹೇಳುವವನಿಗೂ ಕೇಳುವವನಿಗೂ ನಡುವಣ ಕರಾರು. ಒಡೆದ ಕೊಳವೆಯ ಭಯದಿಂದ ಹುಟ್ಟಿದ ಎಚ್ಚರಿಕೆ ಇಂದು ಗಣಕದ ಅಂಕೆಯಲ್ಲಿ ಅಡಗಿದೆ. ಚರಿತ್ರೆಯ ಆಕರಗಳನ್ನು ಶಾಸನ, ಕಡತಗಳಲ್ಲಿ ಮಾತ್ರ ಅರಸುವ ನಾವು ಇಂಥ ಅಂಕೆಗಳನ್ನೂ ಆಕರಗಳೆಂದು ಓದಲು ಕಲಿಯುವುದು ಉಚಿತ.