ವೆಲ್ಡಿಂಗ್ ಯಂತ್ರ ನಿರ್ವಾಹಕರ ಉದ್ಯೋಗದ ಮೇಲೆ ಸ್ವಯಂಚಾಲನೆಯ ಪರಿಣಾಮ

ಪೀಠಿಕೆ

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ (ಐ.ಟಿ.ಐ.) ವೆಲ್ಡರ್ ವೃತ್ತಿಗೆ ಪ್ರವೇಶ ಬಯಸುವ ಅಭ್ಯರ್ಥಿಗಳು, ಅವರ ಪೋಷಕರು ಹಾಗೂ ಈಗಾಗಲೇ ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ವೆಲ್ಡಿಂಗ್ ಯಂತ್ರ ನಿರ್ವಾಹಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ರೋಬೋಟ್‌ಗಳು ಬಂದ ನಂತರ ಈ ವೃತ್ತಿಯಲ್ಲಿ ಯಾವ ಕೆಲಸ ಕಡಿಮೆಯಾಗುತ್ತದೆ, ಯಾವುದು ಉಳಿಯುತ್ತದೆ, ಯಾವ ತರಬೇತಿ ಪಡೆಯುವುದು ಸೂಕ್ತ ಮತ್ತು ಕೆಲಸಕ್ಕೆ ಕುತ್ತು ಬಂದಲ್ಲಿ ಕಾನೂನಿನಲ್ಲಿ ಯಾವ ರಕ್ಷಣೆ ಇದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಉದ್ಯೋಗದ ಸ್ವರೂಪ

ಕೈಯಲ್ಲಿ ಹೋಲ್ಡರ್ ಅಥವಾ ಟಾರ್ಚ್ ಹಿಡಿದು ಬೆಸುಗೆ ಹಾಕುವವರು ವೆಲ್ಡರ್‌ಗಳು. ಯಂತ್ರವು ಬೆಸುಗೆ ಹಾಕುವಾಗ ಬಿಡಿಭಾಗಗಳನ್ನು ಫಿಕ್ಸ್‌ಚರ್‌ನಲ್ಲಿ ಕೂರಿಸಿ, ವಿದ್ಯುತ್ ಪ್ರವಾಹ, ವೋಲ್ಟೇಜ್, ತಂತಿಯ ವೇಗ ಹಾಗೂ ಅನಿಲದ ಹರಿವನ್ನು ಹೊಂದಿಸಿ, ಬೆಸುಗೆಯನ್ನು ಪರಿಶೀಲಿಸುವವರು ಯಂತ್ರ ನಿರ್ವಾಹಕರು. ಸ್ಪಾಟ್ ವೆಲ್ಡಿಂಗ್, ಸೀಮ್ ವೆಲ್ಡಿಂಗ್, ಸಬ್‌ಮರ್ಜ್ಡ್ ಆರ್ಕ್ ವೆಲ್ಡಿಂಗ್ ಮತ್ತು ರೋಬೋಟ್ ವೆಲ್ಡಿಂಗ್ ಯಂತ್ರಗಳನ್ನು ನಡೆಸುವವರು ಈ ವರ್ಗಕ್ಕೆ ಸೇರುತ್ತಾರೆ.

ಸ್ವಯಂಚಾಲನೆ ಬೆಳೆದು ಬಂದ ಬಗೆ

ಬೆಸುಗೆಯಲ್ಲಿ ಸ್ವಯಂಚಾಲನೆ ಹೊಸದೇನಲ್ಲ. ಹಡಗು ಹಾಗೂ ದೊಡ್ಡ ಕೊಳವೆಗಳ ಉದ್ದನೆಯ ಬೆಸುಗೆಗೆ ಸಬ್‌ಮರ್ಜ್ಡ್ ಆರ್ಕ್ ಯಂತ್ರಗಳು 1930ರ ದಶಕದಿಂದಲೇ ಬಳಕೆಗೆ ಬಂದವು. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ 'ಯೂನಿಮೇಟ್' ಎಂಬ ಮೊದಲ ಕೈಗಾರಿಕಾ ರೋಬೋಟ್ ಕೆಲಸ ಆರಂಭಿಸಿತು. 1969ರಲ್ಲಿ ಅದೇ ಸಂಸ್ಥೆಯ ಲಾರ್ಡ್ಸ್‌ಟೌನ್ ಕಾರ್ಖಾನೆಯಲ್ಲಿ ಕಾರುಗಳ ಸ್ಪಾಟ್ ವೆಲ್ಡಿಂಗ್‌ಗೆ ರೋಬೋಟ್‌ಗಳನ್ನು ಅಳವಡಿಸಲಾಯಿತು. ಅಂತರರಾಷ್ಟ್ರೀಯ ರೋಬೋಟಿಕ್ಸ್ ಒಕ್ಕೂಟದ ಅಂಕಿಅಂಶಗಳಂತೆ 2023ರಲ್ಲಿ ವಿಶ್ವದ ಕಾರ್ಖಾನೆಗಳಲ್ಲಿ 40 ಲಕ್ಷಕ್ಕೂ ಹೆಚ್ಚು ರೋಬೋಟ್‌ಗಳು ಬಳಕೆಯಲ್ಲಿದ್ದವು. ಅದೇ ವರ್ಷ ಭಾರತದಲ್ಲಿ 8,510 ಹೊಸ ರೋಬೋಟ್‌ಗಳನ್ನು ಅಳವಡಿಸಲಾಯಿತು.

ಕಡಿಮೆಯಾಗುವ ಸಂಭವವಿರುವ ಕೆಲಸಗಳು

ಒಂದೇ ಅಳತೆಯ ಬಿಡಿಭಾಗಕ್ಕೆ ಒಂದೇ ಜಾಗದಲ್ಲಿ ದಿನವಿಡೀ ಬೆಸುಗೆ ಹಾಕುವ ಕೆಲಸವನ್ನು ರೋಬೋಟ್‌ಗೆ ವಹಿಸುವುದು ಸುಲಭ. ಕಾರಿನ ಕವಚ, ದ್ವಿಚಕ್ರ ವಾಹನದ ಚೌಕಟ್ಟು, ಸೈಲೆನ್ಸರ್, ಆಸನದ ಚೌಕಟ್ಟು ಮುಂತಾದವು ಇದಕ್ಕೆ ಉದಾಹರಣೆಗಳು. ಇಂತಹ ಘಟಕಗಳಲ್ಲಿ ಬಿಡಿಭಾಗವನ್ನು ಇಟ್ಟು ಗುಂಡಿ ಒತ್ತುವುದಷ್ಟೇ ಗೊತ್ತಿರುವ ನಿರ್ವಾಹಕರ ಸಂಖ್ಯೆ ಇಳಿಮುಖವಾಗುತ್ತದೆ. ಹಿಂದೆ ಪ್ರತಿ ಯಂತ್ರಕ್ಕೂ ಒಬ್ಬರು ಬೇಕಾಗಿದ್ದ ಕಡೆ ಹಲವು ರೋಬೋಟ್‌ಗಳನ್ನು ಒಬ್ಬರೇ ನೋಡಿಕೊಳ್ಳುವ ವ್ಯವಸ್ಥೆ ಬರುತ್ತದೆ.

ಉಳಿಯುವ ಕೆಲಸಗಳು

ರೋಬೋಟ್ ತನಗೆ ಕಲಿಸಿದ ಹಾದಿಯಲ್ಲಿ ಮಾತ್ರ ಚಲಿಸುತ್ತದೆ. ತಗಡು ತುಸು ಬಾಗಿದ್ದರೆ, ಎರಡು ಭಾಗಗಳ ನಡುವಿನ ಸಂದು ಹೆಚ್ಚಿದ್ದರೆ ಅಥವಾ ಅಂಚಿನಲ್ಲಿ ತುಕ್ಕು, ಎಣ್ಣೆ ಉಳಿದಿದ್ದರೆ ಬೆಸುಗೆ ಕೆಡುತ್ತದೆ. ಸಂದನ್ನು ಗುರುತಿಸುವ ಸೆನ್ಸರ್‌ಗಳು ಬಂದಿದ್ದರೂ ಅವುಗಳ ಸಾಮರ್ಥ್ಯಕ್ಕೆ ಮಿತಿ ಇದೆ. ಆದುದರಿಂದ ಈ ಕೆಳಕಂಡ ಕೆಲಸಗಳಿಗೆ ನುರಿತ ಕೈಗಳ ಅವಶ್ಯಕತೆ ಮುಂದುವರಿಯುತ್ತದೆ.

1. ದುರಸ್ತಿ ಮತ್ತು ನಿರ್ವಹಣೆ: ಪ್ರತಿ ಬಾರಿಯೂ ಹಾನಿಯ ಸ್ವರೂಪ ಬೇರೆಯಾಗಿರುತ್ತದೆ.
2. ಕಟ್ಟಡ, ಸೇತುವೆ ಹಾಗೂ ಕೊಳವೆ ಮಾರ್ಗದ ಸ್ಥಳದಲ್ಲಿ ನಡೆಯುವ ಕೆಲಸ: ಎತ್ತರದಲ್ಲಿಯೂ ಇಕ್ಕಟ್ಟಿನಲ್ಲಿಯೂ ಬೆಸುಗೆ ಹಾಕಬೇಕಾಗುತ್ತದೆ.
3. ಬಾಯ್ಲರ್ ಮತ್ತು ಒತ್ತಡದ ಪಾತ್ರೆಗಳ ಕೆಲಸ: ಸುರಕ್ಷತೆಯ ದೃಷ್ಟಿಯಿಂದ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ವಹಿಸಲಾಗುತ್ತದೆ.
4. ಬೇಡಿಕೆಗೆ ತಕ್ಕಂತೆ ಒಂದೆರಡು ವಸ್ತುಗಳನ್ನಷ್ಟೇ ತಯಾರಿಸುವ ಸಣ್ಣ ಘಟಕಗಳ ಕೆಲಸ: ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರೇಲರ್, ಕೃಷಿ ಉಪಕರಣ ಇತ್ಯಾದಿ.

ನಾಲ್ಕನೆಯ ವರ್ಗದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮನುಷ್ಯರ ಪಕ್ಕದಲ್ಲಿಯೇ ಕೆಲಸ ಮಾಡಬಲ್ಲ, ಕೈ ಹಿಡಿದು ಹಾದಿ ಕಲಿಸಬಹುದಾದ 'ಕೋಬಾಟ್' ಎಂಬ ಚಿಕ್ಕ ರೋಬೋಟ್‌ಗಳು ಈಗ ಬಂದಿವೆ. ಕಡಿಮೆ ಸಂಖ್ಯೆಯ ವಸ್ತುಗಳಿಗೂ ಇವನ್ನು ಬಳಸಲು ಸಾಧ್ಯವಿರುವುದರಿಂದ ಸ್ವಯಂಚಾಲನೆಯು ದೊಡ್ಡ ಕಾರ್ಖಾನೆಗಳಿಗಷ್ಟೇ ಸೀಮಿತವೆಂದು ಭಾವಿಸತಕ್ಕದ್ದಲ್ಲ.

ಹೊಸ ಹೊಣೆಗಳು

ರೋಬೋಟ್ ಇರುವ ಘಟಕದಲ್ಲಿ ನಿರ್ವಾಹಕರು ಕಾರ್ಯಕ್ರಮ ಬದಲಿಸುವುದು, ಟಾರ್ಚ್‌ನ ತುದಿ ಮತ್ತು ನಾಜಲ್ ಬದಲಾಯಿಸುವುದು, ಬೆಸುಗೆಯಲ್ಲಿನ ರಂಧ್ರ, ಬಿರುಕು, ಅಂಚಿನ ಕೊರೆತಗಳನ್ನು ಗುರುತಿಸಿ ಕಾರಣ ಪತ್ತೆ ಹಚ್ಚುವುದು ಮುಂತಾದ ಹೊಣೆ ಹೊರಬೇಕಾಗುತ್ತದೆ. ಕೈಯಿಂದ ಬೆಸುಗೆ ಹಾಕಿದ ಅನುಭವವುಳ್ಳವರಿಗೆ ದೋಷದ ಕಾರಣ ಬೇಗ ತಿಳಿಯುತ್ತದೆ. ಈ ಕಾರಣದಿಂದ ಮೂಲ ಕಸಬನ್ನು ಕಲಿಯದೆ ನೇರವಾಗಿ ರೋಬೋಟ್ ತರಬೇತಿಗೆ ಹೋಗುವುದು ಸೂಕ್ತವಲ್ಲ. ಕೈಬೆಸುಗೆಯ ಅರ್ಹತೆಗೆ ಐ.ಎಸ್.ಓ. 9606 ಇರುವಂತೆ, ಯಂತ್ರ ನಿರ್ವಾಹಕರ ಅರ್ಹತಾ ಪರೀಕ್ಷೆಗೆ ಐ.ಎಸ್.ಓ. 14732 ಎಂಬ ಪ್ರತ್ಯೇಕ ಅಂತರರಾಷ್ಟ್ರೀಯ ಮಾನಕವಿದೆ.

ಸ್ವಯಂಚಾಲನೆಯಿಂದ ಆರೋಗ್ಯಕ್ಕೆ ಅನುಕೂಲವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2017ರಲ್ಲಿ ಬೆಸುಗೆಯ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು. ನಿರ್ವಾಹಕರು ಆರ್ಕ್‌ನಿಂದ ದೂರವಿದ್ದಷ್ಟೂ ಹೊಗೆ ಮತ್ತು ಪ್ರಖರ ಕಿರಣಗಳ ಬಾಧೆ ಕಡಿಮೆಯಾಗುತ್ತದೆ.

ತರಬೇತಿಯ ಅವಕಾಶಗಳು

1. ವೆಲ್ಡರ್ ವೃತ್ತಿ: ಐ.ಟಿ.ಐ.ಗಳಲ್ಲಿ ಒಂದು ವರ್ಷದ ತರಬೇತಿ. ಅಭ್ಯರ್ಥಿಯು 8ನೇ ತರಗತಿಯಲ್ಲಿ ಉತ್ತೀರ್ಣರಾಗಿದ್ದು, 14 ವರ್ಷ ತುಂಬಿರತಕ್ಕದ್ದು. ಮಹಿಳೆಯರೂ ಅರ್ಜಿ ಸಲ್ಲಿಸಬಹುದು.
2. ರೋಬೋಟಿಕ್ಸ್ ಸಂಬಂಧಿತ ವೃತ್ತಿಗಳು: ಕರ್ನಾಟಕದಲ್ಲಿ 150 ಸರ್ಕಾರಿ ಐ.ಟಿ.ಐ.ಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಉನ್ನತೀಕರಿಸಿ, 2022ರ ಜೂನ್‌ನಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ಲೋಕಾರ್ಪಣೆ ಮಾಡಲಾಯಿತು. ಕೈಗಾರಿಕಾ ರೋಬೋಟಿಕ್ಸ್ ಇವುಗಳ ಹೊಸ ವೃತ್ತಿಗಳಲ್ಲೊಂದು.
3. ಶಿಶಿಕ್ಷು ತರಬೇತಿ: 1961ರ ಶಿಶಿಕ್ಷು ಅಧಿನಿಯಮದನ್ವಯ ಕಾರ್ಖಾನೆಗಳಲ್ಲಿ ಶಿಷ್ಯವೇತನ ಸಹಿತ ತರಬೇತಿ ಪಡೆಯಬಹುದು.
4. ಪೂರ್ವ ಕಲಿಕೆಯ ಮಾನ್ಯತೆ: ಯಾವುದೇ ಪ್ರಮಾಣಪತ್ರವಿಲ್ಲದೆ ಅನುಭವದಿಂದಲೇ ಕಸಬು ಕಲಿತವರಿಗೆ ಅವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆ ಇದು.

ಕಾನೂನಿನ ರಕ್ಷಣೆ

ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿದ್ದು, ಸದರಿ ಸಂಹಿತೆಯಲ್ಲಿ ಕಾರ್ಮಿಕರಿಗೆ ಅನ್ವಯಿಸುವ ಮುಖ್ಯ ಅಂಶಗಳು ಹೀಗಿವೆ.

1. ಕಾರ್ಮಿಕರ ಛಾಂಟಿಗೆ ದಾರಿ ಮಾಡುವ ಸಂಭವವಿರುವ ಯಂತ್ರ ಅಥವಾ ತಂತ್ರದ ಸುಧಾರಣೆಯನ್ನು ಜಾರಿಗೆ ತರುವ ಮುನ್ನ ಬಾಧಿತ ಕಾರ್ಮಿಕರಿಗೆ 21 ದಿನಗಳ ನೋಟೀಸು ನೀಡತಕ್ಕದ್ದು.
2. ಕನಿಷ್ಠ ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕರನ್ನು ಛಾಂಟಿ ಮಾಡುವಾಗ ಕಾರಣ ತಿಳಿಸಿ ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ವೇತನ ನೀಡುವುದರ ಜೊತೆಗೆ, ಪೂರೈಸಿದ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ನೀಡತಕ್ಕದ್ದು.
3. ಮರುಕೌಶಲ ನಿಧಿಗೆ ಮಾಲೀಕರು ಛಾಂಟಿಯಾದ ಪ್ರತಿ ಕಾರ್ಮಿಕರ ಪರವಾಗಿ ಅವರ ಕೊನೆಯ 15 ದಿನಗಳ ವೇತನಕ್ಕೆ ಸಮನಾದ ಮೊತ್ತವನ್ನು ಪಾವತಿಸಬೇಕು. ಈ ಮೊತ್ತವು ಛಾಂಟಿಯಾದ 45 ದಿನಗಳೊಳಗೆ ಕಾರ್ಮಿಕರ ಖಾತೆಗೆ ಜಮೆಯಾಗಬೇಕು.
4. ಛಾಂಟಿಯಾದ ಒಂದು ವರ್ಷದೊಳಗೆ ಮಾಲೀಕರು ಹೊಸದಾಗಿ ನೇಮಕ ಮಾಡಿಕೊಳ್ಳುವುದಾದರೆ ಛಾಂಟಿಯಾದವರಿಗೆ ಅವಕಾಶ ನೀಡತಕ್ಕದ್ದು.

ಅರ್ಜಿದಾರರ ಗಮನಕ್ಕೆ

ಮೇಲ್ಕಂಡ ಸೌಲಭ್ಯಗಳನ್ನು ಪಡೆಯಲು ಸೇವೆಯ ದಾಖಲೆ ಮುಖ್ಯ. ನೇಮಕಾತಿ ಪತ್ರ, ವೇತನ ಚೀಟಿ, ಭವಿಷ್ಯ ನಿಧಿ ಸಂಖ್ಯೆ ಮತ್ತು ಅನುಭವ ಪತ್ರಗಳನ್ನು ಕೆಲಸಕ್ಕೆ ಸೇರಿದ ದಿನದಿಂದಲೇ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಕಾರ್ಖಾನೆಗೆ ಹೊಸ ಯಂತ್ರ ಬರುವ ಸುದ್ದಿ ತಿಳಿದಾಗ, ಅದರ ತರಬೇತಿಗೆ ತಮ್ಮನ್ನು ಪರಿಗಣಿಸುವಂತೆ ಲಿಖಿತ ಮನವಿ ಸಲ್ಲಿಸುವುದು ಒಳ್ಳೆಯದು. ತರಬೇತಿಯ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ಹತ್ತಿರದ ಸರ್ಕಾರಿ ಐ.ಟಿ.ಐ. ಪ್ರಾಚಾರ್ಯರನ್ನು ಅಥವಾ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನು, ಪರಿಹಾರ ಮತ್ತು ನೋಟೀಸಿನ ವಿಷಯಗಳಿಗಾಗಿ ಕಾರ್ಮಿಕ ಇಲಾಖೆಯ ಸ್ಥಳೀಯ ಕಚೇರಿಯನ್ನು ಸಂಪರ್ಕಿಸಬಹುದು.