ಇರಬಹುದು, ದುಡಿಯುವಂತಿಲ್ಲ: ಸ್ಪೇನ್ ವೀಸಾದ ಅಸಲಿ ಲೆಕ್ಕ

ಮೈಸೂರಿನ ಹೆಬ್ಬಾಳದಲ್ಲಿ, ಇನ್ಫೋಸಿಸ್ ಕ್ಯಾಂಪಸ್ಸಿನ ಆಸುಪಾಸು ಸಂಜೆ ಚಹಾಕ್ಕೆ ನಿಂತರೆ ಫಾರಿನ್ ಮಾತು ಬರದೇ ಇರುವುದಿಲ್ಲ. ಮೊದಲೆಲ್ಲ ಅದು ಅಮೆರಿಕದ ಎಚ್-1ಬಿ ಮಾತು. ಈಗ ಮೂವತ್ತೈದು ದಾಟಿದವರ ಪ್ರಶ್ನೆಯೇ ಬೇರೆ: "ಕೆಲಸಾನೇ ಬೇಡ, ಫ್ಯಾಮಿಲಿ ಸಮೇತ ಯುರೋಪಲ್ಲಿ ಸುಮ್ನೆ ಇರೋಕೆ ವೀಸಾ ಕೊಡ್ತಾರಂತೆ, ಹೌದಾ?"

ಹೌದು, ಕೊಡುತ್ತಾರೆ. ಆದರೆ ಅದು ಸಂಬಳದವರಿಗಾಗಿ ಮಾಡಿದ ವೀಸಾ ಅಲ್ಲ. ಕೂಡಿಟ್ಟ ಆಸ್ತಿಯ ಮೇಲೆ ಬದುಕಬಲ್ಲವರಿಗಾಗಿ ಮಾಡಿದ್ದು. ಈ ವ್ಯತ್ಯಾಸ ಅರ್ಥವಾಗದೆ ರಾಜೀನಾಮೆ ಬರೆಯಬೇಡಿ.

ಏನಿದು?

ಸ್ಪೇನಿನ ನಾನ್-ಲುಕ್ರೇಟಿವ್ ವೀಸಾ ಈ ಬಗೆಯಲ್ಲಿ ಹೆಚ್ಚು ಹೆಸರು ಕೇಳಿಬರುವುದು. ಕುಟುಂಬ ಸಮೇತ ಅಲ್ಲಿ ವಾಸಿಸಬಹುದು, ಮಕ್ಕಳನ್ನು ಓದಿಸಬಹುದು; ಗಂಡ-ಹೆಂಡತಿ ಇಬ್ಬರೂ ದುಡಿಯುವಂತಿಲ್ಲ. ಮೊದಲು ಒಂದು ವರ್ಷ, ಆಮೇಲೆ ಎರಡೆರಡು ವರ್ಷಕ್ಕೆ ನವೀಕರಣ. ಐದು ವರ್ಷ ತುಂಬಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು.

ಬೆಂಗಳೂರಿನ ಕಂಪನಿಯ ಕೆಲಸವನ್ನು ಅಲ್ಲಿಂದಲೇ ಲ್ಯಾಪ್‌ಟಾಪಲ್ಲಿ ಮಾಡಿದರೆ? ಅದೂ ಕೆಲಸವೇ. ಅದಕ್ಕಾಗಿ 2023ರಿಂದ ಡಿಜಿಟಲ್ ನೊಮಾಡ್ ವೀಸಾ ಬೇರೆಯೇ ಇದೆ. ಅದಕ್ಕೆ ಕಂಪನಿಯ ಲಿಖಿತ ಒಪ್ಪಿಗೆ ಬೇಕು. ಮನೆ ಕೊಂಡು ವಾಸದ ಹಕ್ಕು ಪಡೆಯುತ್ತಿದ್ದ ಗೋಲ್ಡನ್ ವೀಸಾವನ್ನು ಸ್ಪೇನ್ 2025ರ ಏಪ್ರಿಲ್‌ನಲ್ಲಿ ನಿಲ್ಲಿಸಿತು.

ದುಡ್ಡಿನ ಲೆಕ್ಕ

ಸ್ಪೇನಿನಲ್ಲಿ ಐಪಿಆರ್‌ಇಎಂ ಎಂಬ ಸರಕಾರಿ ಆದಾಯ ಸೂಚ್ಯಂಕವಿದೆ. 2025ರಲ್ಲಿ ಅದು ತಿಂಗಳಿಗೆ 600 ಯೂರೋ. ಮುಖ್ಯ ಅರ್ಜಿದಾರರು ಇದರ ನಾಲ್ಕು ಪಟ್ಟು, ಅಂದರೆ 2,400 ಯೂರೋ ತೋರಿಸಬೇಕು. ಜೊತೆಗೆ ಬರುವ ಪ್ರತಿಯೊಬ್ಬರಿಗೂ ಇನ್ನೊಂದು 600. ಗಂಡ, ಹೆಂಡತಿ, ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 4,200, ವರ್ಷಕ್ಕೆ 50,400 ಯೂರೋ. ಯೂರೋಗೆ ನೂರು ರೂಪಾಯಿ ಹಿಡಿದರೂ ಅರ್ಧ ಕೋಟಿ.

ಹೆಚ್ಚಿನವರು ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ. ಮುಂದಿನ ನವೀಕರಣ ಎರಡು ವರ್ಷಕ್ಕೆ. ಆಗ ಎರಡು ವರ್ಷದ ಹಣ ತೋರಿಸಬೇಕು, ಅಂದರೆ ಒಂದು ಕೋಟಿ. ಆ ಹೊತ್ತಿಗೆ ಮೊದಲ ವರ್ಷದ ಖರ್ಚು ಕಳೆದಿರುತ್ತದೆ, ಸಂಬಳವೂ ನಿಂತಿರುತ್ತದೆ. ಹೆಬ್ಬಾಳದ ಮನೆಯನ್ನು ತಿಂಗಳಿಗೆ 25 ಸಾವಿರಕ್ಕೆ ಬಾಡಿಗೆ ಕೊಟ್ಟಿರಿ ಅಂದುಕೊಳ್ಳಿ, ವರ್ಷಕ್ಕೆ ಬರುವುದು ಮೂರು ಲಕ್ಷ. ಯಾರ ಹತ್ತಿರ ಸಂಬಳವೇ ದೊಡ್ಡ ಆಸ್ತಿಯೋ, ಅವರ ಆ ಆಸ್ತಿಯನ್ನೇ ಈ ವೀಸಾ ಮೊದಲು ಕಿತ್ತುಕೊಳ್ಳುತ್ತದೆ.

ಇಟಲಿಯ ಎಲೆಕ್ಟಿವ್ ರೆಸಿಡೆನ್ಸ್ ವೀಸಾ ಇನ್ನೂ ಬಿಗಿ: ಉಳಿತಾಯ ತೋರಿಸಿದರೆ ಸಾಲದು, ಬಾಡಿಗೆ, ಪಿಂಚಣಿಯಂಥ ನಿರಂತರ ಆದಾಯ ಬೇಕು. ಪೋರ್ಚುಗಲ್‌ನ ಡಿ7 ಕೇಳುವುದೂ ಅಂಥದ್ದೇ ಆದಾಯ. ಆದರೆ ಮೊತ್ತ ಕಡಿಮೆ, ಅಲ್ಲಿಗೆ ಹೋದ ಮೇಲೆ ದುಡಿಯಲು ಅಡ್ಡಿಯಿಲ್ಲ.

ಕಾಗದಪತ್ರ

ದೊಡ್ಡವರಿಗೆಲ್ಲ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಶುರುವಾದದ್ದು ಮೈಸೂರಿನಲ್ಲೇ. 2022ರಿಂದ ಇಂಥ ಕೇಂದ್ರಗಳಲ್ಲೂ ಈ ಸರ್ಟಿಫಿಕೇಟಿಗೆ ಅರ್ಜಿ ಹಾಕಬಹುದು. ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪ್ರಮಾಣಪತ್ರಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ, ಮೇಲೆ ಸ್ಪ್ಯಾನಿಷ್ ಅನುವಾದ. ಛತ್ರದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೇ ಉಳಿದವರು ಮೊದಲು ಹೋಗಬೇಕಾದದ್ದು ಸಬ್ ರಿಜಿಸ್ಟ್ರಾರ್ ಕಚೇರಿಗೆ. ವೈದ್ಯಕೀಯ ಪ್ರಮಾಣಪತ್ರ, ಸ್ಪೇನಿನಲ್ಲಿ ನಡೆಯುವ ಖಾಸಗಿ ಆರೋಗ್ಯ ವಿಮೆ ಕೂಡ ಬೇಕು. ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್, ಜನನ ಪತ್ರದಲ್ಲಿ ಇನಿಷಿಯಲ್ ಒಂದೊಂದು ಥರ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ.

ತೆರಿಗೆ

ಆರ್‌ಬಿಐ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಹತ್ತು ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20% ಟಿಸಿಎಸ್ ಹಿಡಿಯುತ್ತದೆ. ಅದು ರಿಟರ್ನ್ಸ್‌ನಲ್ಲಿ ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಆ ದುಡ್ಡು ಕೈಗೆ ಸಿಗದು.

ಸ್ಪೇನಿನಲ್ಲಿ ವರ್ಷಕ್ಕೆ 183 ದಿನಕ್ಕಿಂತ ಹೆಚ್ಚು ಇದ್ದರೆ ನೀವು ಅಲ್ಲಿನ ತೆರಿಗೆದಾರರು. ಮೈಸೂರಿನ ಬಾಡಿಗೆ, ಎಫ್‌ಡಿ ಬಡ್ಡಿ ಎಲ್ಲವನ್ನೂ ಅಲ್ಲಿ ತೋರಿಸಬೇಕು. ಎರಡು ದೇಶಗಳ ನಡುವೆ ದ್ವಿತೆರಿಗೆ ತಪ್ಪಿಸುವ ಒಪ್ಪಂದವಿದೆ. ಹಾಗಂತ ಲೆಕ್ಕ ಕೊಡುವ ಜವಾಬ್ದಾರಿ ತಪ್ಪುವುದಿಲ್ಲ. ಇಲ್ಲಿನ ಉಳಿತಾಯ ಖಾತೆಯನ್ನೂ ಎನ್‌ಆರ್‌ಒ ಮಾಡಿಸಬೇಕು.

ಯಾರು ಏನು ಬಿಡುತ್ತಾರೆ?

ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದ ಹೆಣ್ಣುಮಕ್ಕಳ ಪಾಡು ಕನ್ನಡದ ಮನೆಗಳಿಗೆ ಹೊಸದಲ್ಲ. ಡಿಗ್ರಿ ಇದ್ದೂ ವರ್ಷಗಟ್ಟಲೆ ದುಡಿಯುವಂತಿರಲಿಲ್ಲ. 2015ರಲ್ಲಿ ಅವರಲ್ಲಿ ಕೆಲವರಿಗಷ್ಟೇ ಅನುಮತಿ ಸಿಕ್ಕಿತು. ಅಲ್ಲಿ ಮನೆಯಲ್ಲಿ ಒಂದು ಸಂಬಳವಾದರೂ ಇತ್ತು. ಇಲ್ಲಿ ಇಬ್ಬರೂ ಖಾಲಿ ಕೈ. ಒಂದು ವರ್ಷದ ಬಳಿಕ ದುಡಿಯುವ ಪರವಾನಗಿಗೆ ಬದಲಾಯಿಸಿಕೊಳ್ಳಲು ದಾರಿಯಿದೆ. ಅಷ್ಟರಲ್ಲಿ ಸ್ಪ್ಯಾನಿಷ್ ಬರಬೇಕು, ಕೆಲಸ ಕೊಡುವವರು ಸಿಗಬೇಕು. ಮಕ್ಕಳಿಗೂ ಹೊಸ ಭಾಷೆ: ಬಾರ್ಸಿಲೋನಾದ ಸರಕಾರಿ ಶಾಲೆಗಳಲ್ಲಿ ಪಾಠ ಮುಖ್ಯವಾಗಿ ನಡೆಯುವುದು ಸ್ಪ್ಯಾನಿಷ್‌ನಲ್ಲೂ ಅಲ್ಲ, ಕತಲಾನ್‌ನಲ್ಲಿ.

ನಾನೂ ಎಂಜಿನಿಯರಿಂಗ್ ಮುಗಿಸಿ ಸಂಬಳದ ದಾರಿ ಬಿಟ್ಟು ಬಂದ ಮೇಲೆ ಕಲಿತದ್ದು ಇಷ್ಟು: ಕೆಲಸ ಬಿಡುವುದು ಸುಲಭ, ಬಿಟ್ಟ ಮೇಲಿನ ಮೂರನೇ ವರ್ಷ ಕಷ್ಟ. ಆದ್ದರಿಂದ ಮೊದಲ ವರ್ಷದ ಬಜೆಟ್ ಹಾಕಬೇಡಿ, ಮೂರನೇ ವರ್ಷದ್ದು ಹಾಕಿ. ಗಂಡ-ಹೆಂಡತಿ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಎರಡೂ ಹಾಳೆಯ ಲೆಕ್ಕ ತಾಳೆಯಾದರೆ ಮಾತ್ರ ಅರ್ಜಿ ತುಂಬಿ.