ಗರ್ಭಧಾರಣೆಯ ಸಾಧ್ಯತೆ ಮತ್ತು ಗರ್ಭನಿರೋಧಕಗಳು: ತಿಳಿದಿರಬೇಕಾದ ಸಂಗತಿಗಳು

ಸರ್ಕಾರವೇ ಮುಂದೆ ನಿಂತು ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದ ಮೊದಲಿಗರಲ್ಲಿ ಹಳೆಯ ಮೈಸೂರು ಸಂಸ್ಥಾನವೂ ಒಂದು. ಆ ಹೆಜ್ಜೆ ಇಟ್ಟದ್ದು 1930ರಲ್ಲಿ. ರಾಷ್ಟ್ರಮಟ್ಟದ ಕುಟುಂಬ ಯೋಜನೆ ಆರಂಭವಾದದ್ದು 1952ರಲ್ಲಿ. ಇಷ್ಟು ದೀರ್ಘ ಇತಿಹಾಸವಿರುವ ನಾಡಿನಲ್ಲಿಯೂ ಯಾವ ದಿನಗಳಲ್ಲಿ ಗರ್ಭ ನಿಲ್ಲುತ್ತದೆ, ಯಾವ ವಿಧಾನವನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗಳಿಗೆ ಉತ್ತರ ಹೆಚ್ಚಾಗಿ ಪಿಸುಮಾತಿನಲ್ಲಿಯೇ ದೊರೆಯುತ್ತದೆ. ಆ ಉತ್ತರ ತಪ್ಪಾದಾಗ ಬೆಲೆ ತೆರಬೇಕಾದವಳು ಮಹಿಳೆ.

ಅಪಾಯದ ದಿನಗಳು ಯಾವುವು?

ಅಂಡಾಶಯದಿಂದ ಹೊರಬಂದ ಅಂಡಾಣು 12ರಿಂದ 24 ಗಂಟೆ ಮಾತ್ರ ಜೀವಂತವಾಗಿರುತ್ತದೆ. ಆದರೆ ವೀರ್ಯಾಣುಗಳು ಸ್ತ್ರೀಯ ದೇಹದಲ್ಲಿ 5 ದಿನಗಳವರೆಗೂ ಬದುಕಬಲ್ಲವು. ಆದ್ದರಿಂದ ಅಂಡಾಣು ಬಿಡುಗಡೆಯ ದಿನ ಹಾಗೂ ಅದರ ಹಿಂದಿನ 5 ದಿನ, ಒಟ್ಟು 6 ದಿನಗಳು ಗರ್ಭಧಾರಣೆಗೆ ಅನುಕೂಲವಾದ ಅವಧಿ.

ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಋತುಚಕ್ರ 28 ದಿನಗಳದ್ದಾದರೆ ಅದು 14ನೇ ದಿನದ ಆಸುಪಾಸು. 35 ದಿನಗಳದ್ದಾದರೆ 21ನೇ ದಿನ. 24 ದಿನಗಳದ್ದಾದರೆ 10ನೇ ದಿನ. ಕೊನೆಯ ಉದಾಹರಣೆಯಲ್ಲಿ ಅಪಾಯದ ಅವಧಿ 5ನೇ ದಿನಕ್ಕೇ, ಅಂದರೆ ಮುಟ್ಟು ನಿಲ್ಲುವ ಹೊತ್ತಿಗೇ ಆರಂಭವಾಗುತ್ತದೆ. ಕಾಯಿಲೆ, ಪ್ರಯಾಣ, ಮಾನಸಿಕ ಒತ್ತಡಗಳಿಂದ ಈ ದಿನಗಳು ಹಿಂದುಮುಂದಾಗುವುದೂ ಉಂಟು. ‘ಮುಟ್ಟಿನ ಹಿಂದೆಮುಂದೆ ಭಯವಿಲ್ಲ’ ಎಂಬ ಮಾತನ್ನು ಎಲ್ಲರೂ ನಂಬಲಾಗದಿರುವುದು ಇದೇ ಕಾರಣಕ್ಕೆ. ಮೊದಲ ಮಿಲನದಲ್ಲಿ ಗರ್ಭ ನಿಲ್ಲದು, ನಂತರ ತೊಳೆದುಕೊಂಡರೆ ಸಾಕು ಎಂಬ ನಂಬಿಕೆಗಳಿಗೂ ಆಧಾರವಿಲ್ಲ.

ಬಾಣಂತಿಯರ ವಿಷಯದಲ್ಲಿ

ಹಾಲುಣಿಸುವಾಗ ಗರ್ಭ ನಿಲ್ಲುವುದಿಲ್ಲ ಎಂಬುದು ಅರ್ಧಸತ್ಯ. ಮಗುವಿಗೆ 6 ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲನ್ನು ಮಾತ್ರ ಕುಡಿಸುತ್ತಿರಬೇಕು, ಮುಟ್ಟು ಮರಳಿರಬಾರದು. ಈ ಮೂರೂ ಒಟ್ಟಿಗಿದ್ದರೆ ಮಾತ್ರ ಶೇ. 98ರಷ್ಟು ರಕ್ಷಣೆಯಿದೆ. ಹೆರಿಗೆಯ ಬಳಿಕ ಮೊದಲ ಮುಟ್ಟಿಗೆ ಮುನ್ನವೇ ಅಂಡಾಣು ಬಿಡುಗಡೆಯಾಗಬಹುದಾದ್ದರಿಂದ, ಮುಟ್ಟು ಕಾಣದೆಯೇ ಮತ್ತೆ ಗರ್ಭಿಣಿಯಾಗುವ ಸಂದರ್ಭಗಳಿವೆ. ಒಂದು ಹೆರಿಗೆಯಾಗಿ ಕನಿಷ್ಠ 24 ತಿಂಗಳ ನಂತರವೇ ಮುಂದಿನ ಗರ್ಭಧಾರಣೆಗೆ ಪ್ರಯತ್ನಿಸುವುದು ಒಳಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಯಾವ ವಿಧಾನ ಎಷ್ಟು ಖಚಿತ?

ಯಾವ ಗರ್ಭನಿರೋಧಕವನ್ನೂ ಬಳಸದ 100 ದಂಪತಿಗಳಲ್ಲಿ ಒಂದು ವರ್ಷದಲ್ಲಿ ಸುಮಾರು 85 ಮಂದಿಗೆ ಗರ್ಭ ನಿಲ್ಲುತ್ತದೆ. ದಿನನಿತ್ಯದ ಬಳಕೆಯಲ್ಲಿ, ಅಂದರೆ ಮರೆವು ಮತ್ತು ಅಜಾಗರೂಕತೆಗಳನ್ನೂ ಲೆಕ್ಕಕ್ಕೆ ಹಿಡಿದಾಗ, ಈ ಸಂಖ್ಯೆ ಹೀಗಿದೆ:

• ಹೊರಗೆ ಸ್ಖಲಿಸುವ ವಿಧಾನ: ಸುಮಾರು 20
• ಕಾಂಡೋಮ್: ಸುಮಾರು 13
• ನಿತ್ಯ ನುಂಗುವ ಮಾತ್ರೆ: ಸುಮಾರು 7
• 3 ತಿಂಗಳಿಗೊಮ್ಮೆ ಪಡೆಯುವ ಚುಚ್ಚುಮದ್ದು: ಸುಮಾರು 4
• ಕಾಪರ್-ಟಿ, ಶಸ್ತ್ರಚಿಕಿತ್ಸೆ: 1ಕ್ಕಿಂತ ಕಡಿಮೆ

ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿದರೆ 100ರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದಿಲ್ಲವೆನ್ನಬಹುದು. ಹೀಗಾಗಿ ಸೋಲು ಹೆಚ್ಚಾಗಿ ಮಾತ್ರೆಯದಲ್ಲ, ಮರೆವಿನದು. ಒಂದು ಮಾತ್ರೆ ತಪ್ಪಿದರೆ ನೆನಪಾದ ಕೂಡಲೇ ನುಂಗಬೇಕು. ಎರಡು ಅಥವಾ ಹೆಚ್ಚು ತಪ್ಪಿದರೆ ಮುಂದಿನ 7 ದಿನ ಕಾಂಡೋಮನ್ನೂ ಬಳಸಬೇಕು. ಕ್ಷಯರೋಗಕ್ಕೆ ನೀಡುವ ರಿಫಾಂಪಿಸಿನ್ ಹಾಗೂ ಅಪಸ್ಮಾರದ ಕೆಲವು ಔಷಧಗಳು ಮಾತ್ರೆಯ ಶಕ್ತಿಯನ್ನು ಕುಗ್ಗಿಸುತ್ತವೆ. ಅಧಿಕ ರಕ್ತದೊತ್ತಡ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರು ಮತ್ತು 35 ದಾಟಿದ ಧೂಮಪಾನಿಗಳಿಗೆ ಸಂಯುಕ್ತ ಹಾರ್ಮೋನು ಮಾತ್ರೆ ತಕ್ಕುದಲ್ಲ.

ಹಾರ್ಮೋನು ಬೇಡವೆನ್ನುವವರಿಗೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಸೆಂಟ್‌ಕ್ರೋಮನ್ ಇದೆ. ಸರ್ಕಾರ ಇದನ್ನು ‘ಛಾಯಾ’ ಹೆಸರಿನಲ್ಲಿ ವಿತರಿಸುತ್ತದೆ. ಮೊದಲ 3 ತಿಂಗಳು ವಾರಕ್ಕೆ ಎರಡು, ಆನಂತರ ವಾರಕ್ಕೊಂದು ಮಾತ್ರೆ. ‘ವಂಕಿ’ ಎಂದೇ ಪರಿಚಿತವಾದ ಕಾಪರ್-ಟಿಯಲ್ಲಿ 380ಎ ಮಾದರಿ 10 ವರ್ಷ ರಕ್ಷಣೆ ನೀಡುತ್ತದೆ. ಹೆರಿಗೆಯಾದ 48 ಗಂಟೆಗಳೊಳಗೂ ಅದನ್ನು ಅಳವಡಿಸಬಹುದು. ಆರಂಭದ ತಿಂಗಳುಗಳಲ್ಲಿ ರಕ್ತಸ್ರಾವ ತುಸು ಹೆಚ್ಚಬಹುದು. ಲೈಂಗಿಕ ರೋಗಗಳಿಂದಲೂ ಕಾಪಾಡುವುದು ಕಾಂಡೋಮ್ ಮಾತ್ರ.

ಹೊರೆ ಯಾರ ಮೇಲೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ್ದರು. ಪುರುಷರ ಪಾಲು ಶೂನ್ಯದ ಸಮೀಪವಿತ್ತು. ವಾಸ್ತವದಲ್ಲಿ ಹೊಟ್ಟೆ ತೆರೆಯಬೇಕಾಗಿಲ್ಲದ ವ್ಯಾಸೆಕ್ಟಮಿ, ಟ್ಯೂಬೆಕ್ಟಮಿಗಿಂತ ಸರಳ ಮತ್ತು ಸುರಕ್ಷಿತ. ಅದರಿಂದ ಪುರುಷತ್ವ ಕುಂದುತ್ತದೆ ಎಂಬುದು ಕೇವಲ ಭಯ. ಆದರೆ ಚಿಕಿತ್ಸೆಯ ಬಳಿಕ 3 ತಿಂಗಳು, ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಖಚಿತವಾಗುವವರೆಗೆ, ಬೇರೆ ಗರ್ಭನಿರೋಧಕವನ್ನು ಬಳಸಲೇಬೇಕು.

ಎಡವಟ್ಟಾದಾಗ ಏನು ಮಾಡಬೇಕು?

ಕಾಂಡೋಮ್ ಹರಿದರೆ ಅಥವಾ ರಕ್ಷಣೆಯಿಲ್ಲದ ಮಿಲನವಾದರೆ 72 ಗಂಟೆಗಳೊಳಗೆ ತುರ್ತು ಮಾತ್ರೆ ನುಂಗಬಹುದು. ಬೇಗ ನುಂಗಿದಷ್ಟೂ ಫಲ ಹೆಚ್ಚು. ಇದು ಅಂಡಾಣು ಬಿಡುಗಡೆಯನ್ನು ಮುಂದೂಡುತ್ತದೆಯೇ ಹೊರತು ನಿಂತ ಗರ್ಭವನ್ನು ತೆಗೆಯುವುದಿಲ್ಲ. ಇದನ್ನು ನಿತ್ಯದ ಉಪಾಯವಾಗಿ ಬಳಸುವುದು ಸರಿಯಲ್ಲ. 5 ದಿನಗಳೊಳಗೆ ಕಾಪರ್-ಟಿ ಹಾಕಿಸುವುದು ಇದಕ್ಕಿಂತಲೂ ಖಚಿತ.

ಮುಟ್ಟು ತಡವಾದರೆ ಬೆಳಗಿನ ಮೊದಲ ಮೂತ್ರದಿಂದ ಪರೀಕ್ಷೆ ಮಾಡಿಕೊಳ್ಳಬೇಕು. ಮಿಲನವಾಗಿ 3 ವಾರಗಳ ನಂತರದ ಫಲಿತಾಂಶವನ್ನು ನಂಬಬಹುದು. ಕಾಪರ್-ಟಿ ಅಥವಾ ಶಸ್ತ್ರಚಿಕಿತ್ಸೆಯ ನಂತರವೂ ಮುಟ್ಟು ತಪ್ಪಿ ಕಿಬ್ಬೊಟ್ಟೆಯಲ್ಲಿ ತೀವ್ರ ನೋವು ಕಂಡರೆ, ಗರ್ಭಕೋಶದ ಹೊರಗೆ ಗರ್ಭ ನಿಂತಿರುವ ಸಂಭವವಿದ್ದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗರ್ಭನಿರೋಧಕ ವಿಫಲವಾದುದೂ ಗರ್ಭಪಾತಕ್ಕೆ ಕಾನೂನು ಒಪ್ಪುವ ಕಾರಣಗಳಲ್ಲಿ ಒಂದು. 1971ರ ಕಾಯ್ದೆಗೆ 2021ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಅವಿವಾಹಿತೆಯರಿಗೂ ಇದು ಅನ್ವಯಿಸುತ್ತದೆ. ವಯಸ್ಕ ಮಹಿಳೆಗೆ ಪತಿಯ ಒಪ್ಪಿಗೆ ಬೇಕಿಲ್ಲ. ಔಷಧದಂಗಡಿಯಿಂದ ತಾವಾಗಿಯೇ ಮಾತ್ರೆ ತಂದು ನುಂಗುವುದು ಪ್ರಾಣಾಪಾಯಕ್ಕೂ ಕಾರಣವಾಗಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಹಾಗೂ ಆಶಾ ಕಾರ್ಯಕರ್ತೆಯರ ಬಳಿ ಸಂಕೋಚವಿಲ್ಲದೆ ಕೇಳಿ ತಿಳಿಯುವುದೇ ಮೊದಲ ಮುನ್ನೆಚ್ಚರಿಕೆ.